ಇನ್ನೊಂದು ಟರ್ಮ್ ಇರಿ, ಸರ್

ಶನಿವಾರ ಬೆಳಿಗ್ಗೆ ನೈರೋಬಿಯ ಸೌತ್ ಬಿ ಮೈದಾನದಲ್ಲಿ ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನನ್ನ ಮಗಳ ತಂಡಕ್ಕೆ ಫುಟ್‌ಬಾಲ್ ಕಲಿಸುತ್ತಿದ್ದ ಚೀನಾದ ಕೋಚ್. ಮಿಕ್ಕ ಅಪ್ಪ ಅಮ್ಮಂದಿರು ತಣ್ಣನೆಯ ಸೋಡಾ ಹಿಡಿದುಕೊಂಡು ನಮ್ಮನ್ನು ನೋಡಿ ನಗುತ್ತಿದ್ದರು. ನನ್ನದು ಜೀರಿಗೆ ಹಾಕಿ ಕುದಿಸಿದ್ದು, ಅವರದು ಬರೀ ನೀರು. ಮೊದಲ ದಿನ ಅವರು ತಮ್ಮ ಫ್ಲಾಸ್ಕ್ ಎತ್ತಿ ತೋರಿಸಿ "ಸವಾ?" ಎಂದರು, ಸ್ವಾಹಿಲಿಯಲ್ಲಿ 'ಸರೀನಾ' ಅಂತ. ನಾನೂ ನನ್ನದನ್ನು ಎತ್ತಿ "ಸವಾ" ಎಂದೆ. ಈಗ ಮೈದಾನದ ಅಂಚಿನ ಕಟ್ಟೆಯ ಮೇಲೆ ನಾನೊಬ್ಬಳೇ ಕುಡಿಯುತ್ತೇನೆ. ಅವರು ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರಾದರೂ ಬಂದು ಕುಳಿತರೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ.

ನಾನು ಬೆಂಗಳೂರಿನವಳು. ಇಲ್ಲಿ ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ. ವಾರವೆಲ್ಲಾ ತಪ್ಪು ಹುಡುಕುವ ಬಾಯಿ ಶನಿವಾರ ಸುಮ್ಮನಿರುತ್ತದೆಯೇ? ಕೋಚ್ ಮೊದಲ ಮೂರು ತಿಂಗಳು ಹುಡುಗಿಯರಿಗೆ ಗೋಲಿನತ್ತ ಒದೆಯಲು ಬಿಡಲೇ ಇಲ್ಲ. ಬರೀ ಪಾಸ್, ಪಾಸ್, ಮತ್ತೆ ಪಾಸ್. ತಡೆಯಲಾರದೆ ಹೋಗಿ ಜಗಳಕ್ಕೇ ನಿಂತೆ.

"ಏನ್ ಸರ್ ಇದು? ಗೋಲ್ ಕಂಬ ಬಟ್ಟೆ ಒಣಗಿಸೋಕಾ?"

ಅರ್ಧ ಇಂಗ್ಲಿಷ್, ಅರ್ಧ ಸ್ವಾಹಿಲಿಯಲ್ಲಿ ಅವರು ಹೇಳಿದ್ದಿಷ್ಟು: "ನನ್ನ ಗುರುವಿಗೆ ನಾನೂ ಇದನ್ನೇ ಕೇಳಿದ್ದೆ. ಅವರು ಆರು ತಿಂಗಳು ಬಿಡಲಿಲ್ಲ. ನಾನು ಮೂರಕ್ಕೆ ಇಳಿಸಿದ್ದೀನಿ, ಮೇಡಂ."

ಅವರ ಕಥೆ ನನಗೆ ತಿಳಿದದ್ದು ಹೀಗೆಯೇ, ಶನಿವಾರಕ್ಕೆ ಒಂದೊಂದು ಗುಟುಕು. ಒಂಬತ್ತು ವರ್ಷದವರಿದ್ದಾಗ ಆ ಗುರು ಅವರನ್ನು ಶಾಲೆಯ ಅಂಗಳದಿಂದ ಆರಿಸಿಕೊಂಡು ಹೋದರಂತೆ. ಊರಿನ ಕ್ಲಬ್ಬಿನಲ್ಲಿ ಎಡಗಡೆಯ ಡಿಫೆಂಡರ್ ಆದರು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು ಎಂದು ಅವರೇ ನಗುತ್ತಿದ್ದರು. ಮೊಣಕಾಲು ಕೈಕೊಟ್ಟ ದಿನ ಗುರು ಹೇಳಿದರಂತೆ, "ಆಡಿದ್ದು ಸಾಕು, ಕಲಿಸೋದು ಕಲಿ. ಎಲ್ಲಾದರೂ ಹೋಗಿ ಕಲಿತು ಬಾ. ಬೆಂಚಿನಲ್ಲಿ ನನ್ನ ಪಕ್ಕದ ಜಾಗ ನಿನ್ನದು." ಆ ಜಾಗಕ್ಕಾಗಿಯೇ ಅವರು ಬದುಕುತ್ತಿದ್ದರು. ನೆಂಟರೊಬ್ಬರ ಟೈಲ್ಸ್ ಗೋದಾಮು ನೋಡಿಕೊಳ್ಳಲು ನೈರೋಬಿಗೆ ಬಂದವರು, ಶನಿವಾರ ಭಾನುವಾರ ನಮ್ಮ ಮಕ್ಕಳ ಮೇಲೆ ಕೈ ಪಳಗಿಸಿಕೊಂಡರು.

ಪ್ರತಿ ಶನಿವಾರ ಹತ್ತಕ್ಕೆ ಚೀನಾದಿಂದ ಗುರುವಿನ ಫೋನ್ ಬರುತ್ತಿತ್ತು. ಅಲ್ಲಿ ಆಗ ಮಧ್ಯಾಹ್ನ. ಪರದೆಯಲ್ಲಿ ಟೋಪಿ ಹಾಕಿದ ಒಬ್ಬ ಮುದುಕ, ಹಿಂದೆ ಹಸಿರು ಮೈದಾನ. ಕೋಚ್ ಫೋನನ್ನು ನಮ್ಮ ಹುಡುಗಿಯರತ್ತ ತಿರುಗಿಸಿ ಹಿಡಿಯುತ್ತಿದ್ದರು. ಅಲ್ಲಿಂದ ಗದರುವ ದನಿ ಕೇಳುತ್ತಿತ್ತು. "ಎಡಗಡೆ ನಿದ್ದೆ ಮಾಡ್ತಿದೆ ಅಂತಾರೆ" ಎಂದು ಕೋಚ್ ಕೂಗುತ್ತಿದ್ದರು. ಎಡಗಡೆ ಆಡುತ್ತಿದ್ದವಳು ನನ್ನ ಮಗಳು. ಕರೆ ಮುಗಿದ ಮೇಲೂ ಅವರು ಆ ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ.

ಮಾರ್ಚ್‌ನಲ್ಲಿ ಗುರು ಕರೆದರು. "ನನಗೆ ವಯಸ್ಸಾಯಿತು, ಬಾ, ಬಂದು ಕೂರು" ಎಂದರಂತೆ. ಏಪ್ರಿಲ್‌ನಲ್ಲಿ ಶಾಲೆಯ ಟರ್ಮ್ ಮುಗಿದ ಕೂಡಲೇ ಹೊರಡುತ್ತೇನೆ ಎಂದು ಕೋಚ್ ಹೇಳಿದಾಗ ಅವರ ಮುಖ ನೋಡಬೇಕಿತ್ತು, ಹಬ್ಬಕ್ಕೆ ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗಿತ್ತು. ಹುಡುಗಿಯರು ಗೊಳೋ ಎಂದು ಅತ್ತರು. ಆಗಸ್ಟ್‌ನಲ್ಲಿ ಅವರ ಮೊದಲ ಟೂರ್ನಮೆಂಟ್ ಇತ್ತು. ಉಳಿದ ತಾಯಂದಿರು ನನ್ನನ್ನೇ ಮುಂದೆ ತಳ್ಳಿದರು. ತಳ್ಳದಿದ್ದರೂ ನಾನೇ ಹೋಗುತ್ತಿದ್ದೆ, ಸುಳ್ಳೇಕೆ?

"ಇನ್ನೊಂದು ಟರ್ಮ್ ಇರಿ, ಸರ್. ಒಂದೇ ಒಂದು. ನಿಮ್ಮ ಗುರುಗಳು ಎಲ್ಲಿಗೆ ಹೋಗ್ತಾರೆ? ಅಲ್ಲೇ ಇರ್ತಾರಲ್ಲ."

ಒಂದು ವಾರ ಯೋಚಿಸಿ ಅವರು ಉಳಿದುಕೊಂಡರು. ಆಗಸ್ಟ್‌ನಲ್ಲಿ ಹುಡುಗಿಯರು ಸೆಮಿಫೈನಲ್‌ವರೆಗೆ ಹೋಗಿ ಸೋತರು.

ಅವರ ಕೊನೆಯ ಶನಿವಾರಕ್ಕೆ ಸನ್ಮಾನ ಮಾಡಲೇಬೇಕು ಎಂದು ನಾನು ಹಟ ಹಿಡಿದೆ. ನಮ್ಮ ಕಡೆ ಗುರುವನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಗಬೇಕು. ನ್ಗಾರಾ ಮಾರುಕಟ್ಟೆಗೆ ಹೋಗಿ ಬಿಳಿ ಸೇವಂತಿಗೆ ತಂದೆ, ಒಳ್ಳೆ ಹೂವು, ಒಂದು ಎಸಳೂ ಬಾಡಿರಲಿಲ್ಲ. ನಾನೂ ಮಗಳೂ ಕೂತು ಹಾರ ಕಟ್ಟಿದೆವು. "ಟೂ ಹೆವಿ, ಮಮ್ಮಿ" ಎಂದಳು ಅವಳು. ಅವಳಿಗೆ ನನ್ನ ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಹಾರ ಹಾಕಿದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಕೋಚ್ ತಲೆ ತಗ್ಗಿಸಿ ಹಾರದ ಹೂವನ್ನೇ ನೋಡಿದರು.

"ಮೇಡಂ," ಎಂದರು ಮೆಲ್ಲಗೆ, "ನಮ್ಮಲ್ಲಿ ಈ ಹೂವು ತೀರಿಹೋದವರಿಗೆ ಇಡೋದು."

"ಅಯ್ಯೋ ದೇವರೇ, ಬಿಡ್ತು ಅನ್ನಿ!" ಎಂದು ಕನ್ನಡದಲ್ಲೇ ಕೂಗಿ ಹಾರ ತೆಗೆಯಲು ಕೈ ಹಾಕಿದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಹಾರವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು.

"ಇರಲಿ. ಮಂಗಳವಾರ ನನ್ನ ಗುರು ಹೋದರು. ಗುರುವಾರ ಎಲ್ಲಾ ಮುಗಿಯಿತು. ನನ್ನ ಟಿಕೆಟ್ ಇರೋದು ಸೋಮವಾರಕ್ಕೆ. ನಾನು ಹೂವು ಇಟ್ಟಿಲ್ಲ."

ಹತ್ತು ಗಂಟೆ ದಾಟಿದ್ದರೂ ಆ ದಿನ ಫೋನ್ ಬಂದಿರಲಿಲ್ಲ. ನಾನು ಗಮನಿಸಿದ್ದೆ. ಹಾರದ ಸಡಗರದಲ್ಲಿ ಕೇಳಿರಲಿಲ್ಲ.

ಅವರು ಹಾರವನ್ನು ಗೋಲ್ ಕಂಬಕ್ಕೆ ತೂಗುಹಾಕಿ, ಮೂರು ಸಲ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಹುಡುಗಿಯರು ಯಾರೂ ಹೇಳದೆಯೇ ಹಿಂದೆ ಸಾಲಾಗಿ ನಿಂತು ಬಗ್ಗಿದರು. ನಾನೂ ಬಗ್ಗಿದೆ. ಆಮೇಲೆ ಅವರು ಸೀಟಿ ಊದಿ, ಎಂದಿನಂತೆ "ಪಾಸ್" ಎಂದರು. ಆ ಗೋಲಿಗೆ ಅಂದು ಯಾರೂ ಒದೆಯಲಿಲ್ಲ.

ಮನೆಗೆ ನಡೆಯುವಾಗ, ಅಂಗಡಿ ಸಾಲು ದಾಟಿದ ಮೇಲೆ, ಮಗಳು ನನ್ನ ಕೈ ಹಿಡಿದುಕೊಂಡಳು.

"ಅಮ್ಮಾ, ಅವರನ್ನ ಇಲ್ಲಿ ನಿಲ್ಲಿಸಿಕೊಂಡಿದ್ದು ನಾವೇ ಅಲ್ವಾ?"

ಅವಳ ಬಾಯಲ್ಲಿ ಒಂದು ಪೂರ್ತಿ ಕನ್ನಡದ ವಾಕ್ಯ ಕೇಳಬೇಕೆಂದು ಎಷ್ಟು ವರ್ಷ ಆಸೆಪಟ್ಟಿದ್ದೆ.

"ನೀವಲ್ಲ, ಪುಟ್ಟಿ," ಎಂದೆ. "ನಾನು."