ನಕ್ಕರೆ ಬೀಳುವವಳು

ನನ್ನನ್ನು ಗಂಟುಮುಖದವಳು ಅನ್ನುವವರು ಯಲಿಯೂರಿನಿಂದ ಮದ್ದೂರಿನವರೆಗೂ ಇದ್ದಾರೆ. ಶಾಲೆಯ ಮಕ್ಕಳು, ರೈಲಿನಲ್ಲಿ ದಿನವೂ ಜೊತೆಯಾಗುವ ಹೆಂಗಸರು, ಗಂಡನ ಕಡೆಯ ನೆಂಟರು. ಅಂದುಕೊಳ್ಳಲಿ. ನಾನು ನಕ್ಕರೆ ಬೀಳುತ್ತೇನೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಬೀಳುತ್ತೇನೆ. ಜೋರಾಗಿ ನಗು ಬಂದರೆ ಮೊದಲು ದವಡೆ ಸಡಿಲವಾಗುತ್ತದೆ, ಆಮೇಲೆ ಕತ್ತು, ಆಮೇಲೆ ಮಂಡಿ. ನಿಂತಲ್ಲೇ ಕುಸಿದು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದು, ಆಮೇಲೆ ಎದ್ದು ಸೆರಗು ಕೊಡವಿಕೊಂಡು ನನ್ನ ಕೆಲಸಕ್ಕೆ ಹೋಗುತ್ತೇನೆ.

ಇದರ ಜೊತೆಗೆ ನಿದ್ದೆ ಬೇರೆ. ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಮದುವೆಯಾದ ಹೊಸತರಲ್ಲಿ ಯಲಿಯೂರಿನಲ್ಲಿ ರೈಲು ಹತ್ತಿದರೆ ಮಂಡ್ಯ ಬರುವಷ್ಟರಲ್ಲಿ ಕಣ್ಣು ಮುಚ್ಚಿರುತ್ತಿತ್ತು. ಮದ್ದೂರಿನಲ್ಲಿ ಯಾರಾದರೂ ಭುಜ ಹಿಡಿದು ಅಲ್ಲಾಡಿಸದಿದ್ದರೆ ಎಚ್ಚರವಾಗುತ್ತಿದ್ದುದು ಚನ್ನಪಟ್ಟಣದಲ್ಲಿ. ಹಾಜರಿ ಕರೆಯುವಾಗಲೇ ತೂಕಡಿಸಿ ಒಂದೇ ಹೆಸರನ್ನು ಮತ್ತೆ ಮತ್ತೆ ಕರೆದಿದ್ದೇನಂತೆ. ಹುಡುಗರಿಗೆ ಅದಕ್ಕಿಂತ ಹಬ್ಬ ಬೇಕೆ!

ಕಬ್ಬು ಕಡಿದ ಮೇಲೆ ಗದ್ದೆಗಳಲ್ಲಿ ತರಗು ಸುಡುವ ಕಾಲ ಬಂತೆಂದರೆ ನನಗೆ ಸೀನು ಹಿಡಿಯುತ್ತಿತ್ತು. ನಮ್ಮ ಕಡೆ ಸೀನಿಗೆಲ್ಲ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಒಂದು ಪಟ್ಟಿ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಬೆಳಿಗ್ಗೆ ಒಂದು ನುಂಗಿಯೇ ನಾನು ಮನೆ ಬಿಡುತ್ತಿದ್ದೆ. ಅದನ್ನು ಔಷಧಿ ಎಂದು ನಾನೂ ಎಣಿಸಿರಲಿಲ್ಲ, ಮನೆಯವರೂ ಎಣಿಸಿರಲಿಲ್ಲ.

ಗಂಡನ ಮನೆಯಲ್ಲಿ ಮೊದಲ ಸಲ ಬಿದ್ದದ್ದು ಒಂದು ಜೊತೆ ಚಪ್ಪಲಿಯ ದೆಸೆಯಿಂದ. ನನ್ನ ಗಂಡ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವತ್ತು ಯಾರದೋ ಮದುವೆಗೆ ಹೋಗಿದ್ದವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಬೇರೆ ಯಾರದೋ ಹಾಕಿಕೊಂಡು ಮನೆಗೆ ಬಂದರು. ನಮ್ಮತ್ತೆ ಅದನ್ನು ನೋಡಿ, "ಕಾಲಾದ್ರೂ ಎಲ್ಡೂ ನಿನ್ನವೇಯೇನ್ಲಾ?" ಅಂದರು. ನಾನು ನಕ್ಕೆ, ಬಿದ್ದೆ.

ಪಕ್ಕದ ಮನೆಯಾಕೆ ಓಡಿ ಬಂದಳು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಬೀರುವಿನ ಬೀಗದ ಕೈ ಗೊಂಚಲನ್ನು ಅಂಗೈಯಲ್ಲಿಟ್ಟು ಅಮುಕಿದರು. "ಮೂರ್ಛೆ ರೋಗದ್ ಎಣ್ಣ ತಂದು ಕಟ್ಟವ್ರಲ್ಲವ್ವ, ಗೊತ್ತಾಗ್ನಿಲ್ವಾ ನಿಮ್ಗೆ?" ಎಂದು ಆಕೆ ಅತ್ತೆಯನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬಿದ್ದಿರುವಾಗ ನನಗೆ ಎಲ್ಲವೂ ಕೇಳಿಸುತ್ತದೆ. ಬೆರಳು ಆಡುವುದಿಲ್ಲ, ನಾಲಗೆ ಏಳುವುದಿಲ್ಲ, ಆದರೆ ಕಿವಿ ಎಂದಿನಂತೆಯೇ ಇರುತ್ತದೆ. ಈರುಳ್ಳಿ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಕೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅದಾದ ಮೇಲೆ ಗಂಡ ನನ್ನನ್ನು ಮೈಸೂರಿನ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೂರ್ಛೆ ರೋಗಕ್ಕೆ ಮದ್ದು ತರೋಣ ಎಂದೇ ಹೋದದ್ದು. ತಲೆಗೆಲ್ಲ ವೈರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದ ಡಾಕ್ಟರು, ಇದು ಮೂರ್ಛೆಯಲ್ಲ, ನಾರ್ಕೊಲೆಪ್ಸಿ ಅಂದರು. ನಿದ್ದೆ ಮತ್ತು ಎಚ್ಚರದ ನಡುವಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದ ಕಾಯಿಲೆ ಎಂದು ನಾನು ಅರ್ಥ ಮಾಡಿಕೊಂಡೆ. ಜೋರಾಗಿ ನಗು ಬಂದರೆ ಮೈಯೊಂದೇ ಆ ಬಾಗಿಲು ದಾಟಿ ಮಲಗಿಬಿಡುತ್ತದಂತೆ. ಬೇರೆ ಏನಾದರೂ ಮಾತ್ರೆ ತಗೋತೀರಾ ಎಂದು ಕೇಳಿದರು. ಇಲ್ಲ ಅಂದೆ. ಅಷ್ಟರಲ್ಲಿ ಒಂದು ಸೀನು ಬಂತು. ಕರವಸ್ತ್ರಕ್ಕೆಂದು ಬ್ಯಾಗು ತೆರೆದರೆ ಮಾತ್ರೆ ಪಟ್ಟಿ ಅವರ ಮೇಜಿನ ಮೇಲೆ ಬಿತ್ತು.

ಅದನ್ನು ತಿರುಗಿಸಿ ನೋಡಿ ಡಾಕ್ಟರು ಹೇಳಿದರು: "ಹಿಸ್ಟಮಿನ್ ಅಂತ ಒಂದು ರಾಸಾಯನಿಕ ಇದೆ, ಮೇಡಂ. ಮೂಗಲ್ಲಿ ಸೀನು ತರಿಸೋದೂ ಅದೇ, ಮಿದುಳಲ್ಲಿ ನಿಮ್ಮನ್ನ ಎಚ್ಚರವಾಗಿಡೋದೂ ಅದೇ. ಈ ಹಳೇ ಥರದ ಮಾತ್ರೆ ಮೂಗಲ್ಲಿ ನಿಲ್ಲಲ್ಲ, ಮಿದುಳಿಗೂ ಹೋಗಿ ಅದರ ಕೆಲಸಕ್ಕೆ ಅಡ್ಡ ಬರುತ್ತೆ. ನಿಮಗೋ, ಆ ಹಿಸ್ಟಮಿನ್ ಕೋಶಗಳನ್ನ ಚುರುಕು ಮಾಡಬೇಕಾದ ಇನ್ನೊಂದು ಗುಂಪಿನ ಕೋಶಗಳೇ ಸತ್ತುಹೋಗಿವೆ. ಇದ್ದಬದ್ದ ಎಚ್ಚರಕ್ಕೂ ದಿನಾ ಬೆಳಿಗ್ಗೆ ನೀವೇ ಕಲ್ಲು ಹಾಕ್ತಿದ್ದೀರಿ."

ಬಿದ್ದಾಗ ಎಲ್ಲ ಯಾಕೆ ಕೇಳಿಸುತ್ತದೆ ಎಂದು ಕೇಳಿದೆ. ಅದಕ್ಕೂ ಹಿಸ್ಟಮಿನ್ನೇ ಕಾರಣ ಇರಬೇಕು ಅಂದರು. ಮೈ ಮಲಗುತ್ತದೆ, ಆ ಹಿಸ್ಟಮಿನ್ ಕೋಶಗಳು ಮಾತ್ರ ಮಲಗುವುದಿಲ್ಲ. ಮಿದುಳಿನಲ್ಲಿ ಹಿಸ್ಟಮಿನ್ ಹೆಚ್ಚಿಸುವ ಮಾತ್ರೆಯೂ ಒಂದಿದೆಯಂತೆ, ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲವಂತೆ. ಎಚ್ಚರಕ್ಕೊಂದು, ಬೀಳದಿರುವುದಕ್ಕೊಂದು ಬೇರೆ ಮಾತ್ರೆ ಬರೆದುಕೊಟ್ಟರು. ಸೀನಿಗೆ ಮಂಪರು ತರದ ಮಾತ್ರೆಗೆ ಬದಲಾಯಿಸಿದರು.

ಆಮೇಲೆ ಒಂದಷ್ಟು ಕಾಲ ಚೆನ್ನಾಗಿಯೇ ಕಳೆಯಿತು. ಮದ್ದೂರು ಬಂದಾಗ ನಾನೇ ಎದ್ದು ಇಳಿಯುತ್ತಿದ್ದೆ. ಬಸುರಿಯಾದಾಗ ಡಾಕ್ಟರು ಆ ಎರಡೂ ಮಾತ್ರೆ ನಿಲ್ಲಿಸಿ, ಮಗು ಹಾಲು ಬಿಡುವವರೆಗೆ ಬೇಡ ಅಂದರು. ಮಳವಳ್ಳಿಯ ತವರಿನಲ್ಲಿ ಹೆತ್ತು, ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ಯಲಿಯೂರಿಗೆ ಬಂದೆ. ಅಲ್ಲಿಯವರೆಗೆ ತೊಂದರೆ ಇರಲಿಲ್ಲ, ಏಕೆಂದರೆ ಅವಳು ಇನ್ನೂ ಕೇಕೆ ಹಾಕಿ ನಗಲು ಕಲಿತಿರಲಿಲ್ಲ.

ಅದನ್ನು ಕಲಿತದ್ದು ಯಲಿಯೂರಿನ ಹೊಸ್ತಿಲಲ್ಲಿ, ನನ್ನ ತೋಳಿನಲ್ಲಿ. ಗಂಡ ಕೆಲಸಕ್ಕೆ ಹೊರಟವರು ಅವಳತ್ತ ಬಗ್ಗಿ ಹೆಲ್ಮೆಟ್ಟಿನ ಗಾಜು ಇಳಿಸಿ ಎತ್ತಿದರು. ಅವಳು ಕೇಕೆ ಹಾಕಿದಳು. ನನಗೆ ತಡೆಯಲಾಗಲಿಲ್ಲ. ತೋಳು ಕಳಚಿಕೊಂಡಂತೆ ಇಳಿಯಿತು. ಮಗು ನೆಲಕ್ಕೆ ತಾಗಲಿಲ್ಲ. ಗಂಡ ಕೈ ಕೊಟ್ಟರು, ಅವರ ಮೊಣಕೈ ಬಾಗಿಲಿಗೆ ಬಡಿದು ಬಾತುಕೊಂಡಿತು.

"ಇನ್ಮೇಕೆ ಕೂಸ್ನ ನಿನ್ ಕೈಗೆ ಕೊಡಕಿಲ್ಲ ಕಣಮ್ಮ," ಅಂದರು ಅತ್ತೆ. "ಬೇಜಾರ್ ಮಾಡ್ಕಬ್ಯಾಡ. ಆಲು ಮಾತ್ರ ಮನಿಕ್ಕಂಡು ಕುಡ್ಸು. ಮಿಕ್ಕಿದ್ದು ನಾನ್ ನೋಡ್ಕತ್ತೀನಿ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನೂ ಉರಿಯಿತು. ಹಾಲು ಕುಡಿಸುವಾಗಲೂ ನಾನು ನಗದೆ ಅಭ್ಯಾಸ ಮಾಡಿದೆ. ಮುಖ ಗಂಟು ಹಾಕುವುದು ನನಗೆ ಹೊಸದಲ್ಲ. ಮಗಳು ಬಾಯಿಂದ ಮೊಲೆ ಬಿಟ್ಟು ನನ್ನ ಮುಖ ನೋಡುವಳು, ನಗುವಳು, ಕಾಯುವಳು. ನಾನು ಅಲುಗಾಡದೆ ಇರುವೆ. ಅವಳ ತುಟಿ ಸೊಟ್ಟಗಾಗಿ ಅಳು ಶುರುವಾಗುವುದು. ಅತ್ತೆ ಬಂದು ಎತ್ತಿಕೊಂಡರೆ ಗಪ್‌ಚಿಪ್. ಬರಬರುತ್ತ ನಾನು ಹತ್ತಿರ ಹೋದರೆ ಅವಳು ಅತ್ತೆಯ ಹೆಗಲಿಗೆ ಮುಖ ತಿರುಗಿಸತೊಡಗಿದಳು. ಹೆತ್ತವಳಿಗೆ ಅದಕ್ಕಿಂತ ನೋವು ಬೇರೆ ಇಲ್ಲ.

ಒಂದು ಬೆಳಿಗ್ಗೆ ಅತ್ತೆಯ ಮಂಡಿ ಹಿಡಿದುಕೊಂಡಿತು. ನಮ್ಮಲ್ಲಿ ಕೂಸಿಗೆ ನೀರು ಹಾಕುವುದೆಂದರೆ ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲನ್ನು ನೀಳವಾಗಿ ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ಅತ್ತೆಗೆ ಅವತ್ತು ನೆಲಕ್ಕೆ ಕೂರಲಾಗಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆಯುತ್ತೇನೆ ಅಂದರು. ಅದೇ ಈರುಳ್ಳಿಯವಳನ್ನು!

"ಅವಳ್ಯಾಕೆ? ನಾನೇ ಹಾಕ್ತೀನಿ," ಅಂದೆ.

"ಬಿದ್ಗಿದ್ದೀಯೆ, ಸುಮ್ಕಿರು."

"ನೆಲದ ಮೇಲೆ ಕೂತು ಕಾಲು ಚಾಚಿದವಳು ಇನ್ನೆಲ್ಲಿಗತ್ತೆ ಬೀಳೋದು? ನೆಲದ ಕೆಳಕ್ಕಾ?"

"ಸರಿ ಬುಡು. ಗ್ವಾಡೆಗೆ ಬೆನ್ ಕೊಟ್ಟು ಕುಂತ್ಕೊ. ನೀರ್ ನಾನ್ ಉಯ್ತೀನಿ," ಅಂದು ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು.

ಸೀರೆ ಮೇಲಕ್ಕೆತ್ತಿ ಕಾಲು ಚಾಚಿ ಕೂತೆ. ಎಣ್ಣೆ ಸವರಿದ ಮಗಳನ್ನು ಅತ್ತೆ ನನ್ನ ಕಾಲ ಮೇಲೆ ಅಂಗಾತ ಮಲಗಿಸಿದರು. ಹೊಟ್ಟೆಯ ಮೇಲೆ ಬಿಸಿನೀರು ಬಿದ್ದದ್ದೇ ಅವಳು ಉಸಿರೆಳೆದುಕೊಂಡು, ನನ್ನ ಮುಖ ನೋಡಿ, ಕೇಕೆ ಹಾಕಿದಳು. ಅಭ್ಯಾಸಬಲ, ನಾನು ತುಟಿ ಕಚ್ಚಿ ಹಿಡಿದೆ. ಅವಳ ತುಟಿ ಸೊಟ್ಟಗಾಗತೊಡಗಿತು.

"ನಗವ್ವ," ಅಂದರು ಅತ್ತೆ. ಚೊಂಬು ಕೆಳಗಿಟ್ಟು ಕೂಸಿನ ಹೆಗಲನ್ನು ಭದ್ರವಾಗಿ ಹಿಡಿದುಕೊಂಡಿದ್ದರು. "ಬಿದ್ರೆ ಬೀಳು. ನಾನಿವ್ನಿ."

ನಕ್ಕೆ. ದವಡೆ ಹೋಯಿತು, ಕೈ ಎರಡೂ ಪಕ್ಕಕ್ಕೆ ಬಿದ್ದವು, ಗಲ್ಲ ಎದೆಗೆ ಇಳಿಯಿತು. ಗಲ್ಲ ಇಳಿದದ್ದರಿಂದ ಮಗಳ ಮುಖ ನೇರ ನನ್ನ ಕಣ್ಣೆದುರಿಗೇ ಬಂತು. ಕಾಲುಗಳು ಮೊದಲೇ ನೆಲದ ಮೇಲಿದ್ದವು, ಅವಳು ಅವುಗಳ ನಡುವಿನ ಹಳ್ಳದಲ್ಲಿ ಮಲಗಿದ್ದಲ್ಲೇ ಮಲಗಿದ್ದಳು. ಪುಟ್ಟ ಕಾಲಿನಿಂದ ನನ್ನ ಹೊಟ್ಟೆಗೆ ಒದ್ದು ಮತ್ತೆ ನಕ್ಕಳು. ನನ್ನಲ್ಲಿ ಎಚ್ಚರವಾಗಿದ್ದದ್ದೆಲ್ಲ ಅವಳನ್ನೇ ನೋಡುತ್ತಿತ್ತು. ಅಷ್ಟು ಸುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದಳು. "ಅಯ್ಯೋ, ಮತ್ತೆ ಬಿದ್ಲಾ? ಈರುಳ್ಳಿ ತರ್ಲಾ?" ಅಂದಳು.

"ಏನೂ ಬ್ಯಾಡ ಓಗು," ಅಂದರು ಅತ್ತೆ, ಚೊಂಬಿಗೆ ನೀರು ಮೊಗೆಯುತ್ತ. "ನಗ್ತಾವ್ಳೆ."