ಹೆಜ್ಜಾರ್ಲೆ ಕಾಣದ ಪಿಂಕ್ ಕ್ಯಾಮೆರಾ

ಇವತ್ತು ಗೆಳತಿಯೊಬ್ಬಳು ಹೊಸ ಕ್ಯಾಮೆರಾದ ಡಬ್ಬ ಬಿಚ್ಚಿದಾಗ ಬಂದ ಪ್ಲಾಸ್ಟಿಕ್ ವಾಸನೆ ನನ್ನನ್ನು ಯಲಹಂಕದ ಆ ಅಂಗಡಿಗೆ ಎಳೆದೊಯ್ದಿತು.

ಆಗ ನಾನು ಒಂಬತ್ತನೇ ಕ್ಲಾಸು. ಅಲ್ಲಾಳಸಂದ್ರ ಕೆರೆಗೆ ಬರುವ ಹೆಜ್ಜಾರ್ಲೆ ಹಕ್ಕಿಗಳ ಫೋಟೋ ತೆಗೆಯಬೇಕೆಂಬ ಹುಚ್ಚು. ವರ್ಷವಿಡೀ ಕಾಡಿದ ಮೇಲೆ ಅಪ್ಪ ಒಪ್ಪಿದ್ದರು. ಆದರೆ ಅವರು ಏನು ಕೊಳ್ಳುವುದಿದ್ದರೂ ಚಿಕ್ಕಪ್ಪ ಜೊತೆಗಿರಲೇಬೇಕು, ಬಚ್ಚಲಿನ ಬಕೆಟ್ಟಾದರೂ ಸರಿ.

"ಜೂಮ್ ಜಾಸ್ತಿ ಇರೋದು ಬೇಕು," ಎಂದೆ.

ಅಂಗಡಿಯವನು ಚಿಕ್ಕಪ್ಪನ ಕಡೆಗೇ ನೋಡುತ್ತ, "ಇದು ಹದಿನಾಲ್ಕು ಮೆಗಾಪಿಕ್ಸೆಲ್ ಸಾರ್, ರೇಟೂ ಕಮ್ಮಿ," ಎಂದ.

"ಮೆಗಾಪಿಕ್ಸೆಲ್ಲೇ ಮುಖ್ಯ ಕಣಣ್ಣ. ಹೆಣ್ ಮಗು, ಪಿಂಕ್ ಕಲರ್ ಕೊಡ್ಸು," ಎಂದರು ಚಿಕ್ಕಪ್ಪ.

"ಅಪ್ಪಾ, ಇದ್ರಲ್ಲಿ ದೂರದ ಹಕ್ಕಿ ಬರಲ್ಲ. ಅದೇ ರೇಟಿಗೆ ಆ ಕಪ್ಪು ಬಣ್ಣದ್ದು ಇದೆ, ಹಳೇ ಮಾಡೆಲ್ಲು, ಆದ್ರೆ ಜೂಮ್ ಜಾಸ್ತಿ..."

"ಸುಮ್ನಿರಮ್ಮ, ಚಿಕ್ಕಪ್ಪಂಗೆ ಗೊತ್ತಿರತ್ತೆ."

ಮರುದಿನ ಬೆಳಿಗ್ಗೆ ಅಪ್ಪನೇ ಉತ್ಸಾಹದಿಂದ ಕೆರೆಗೆ ಕರೆದುಕೊಂಡು ಹೋದರು. ತೆಗೆದ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿ, "ಎಲ್ಲಮ್ಮ ಹಕ್ಕಿ?" ಎಂದರು. ನೀರಿನ ನಡುವೆ ಕಂಡ ಬಿಳಿ ಚುಕ್ಕೆಯನ್ನು ಉಗುರಿನಿಂದ ತೋರಿಸಿದೆ.

ಕ್ಯಾಮೆರಾವನ್ನು ನನ್ನ ಕೈಗೆ ವಾಪಸ್ ಕೊಡುತ್ತ, "ಅಂಗಡೀಲೇ ಹೇಳೋದಲ್ವಾ?" ಎಂದರು.

ನನಗೆ ಅಳು ಬಂತು. ಕೂಗಾಡುವ ಧೈರ್ಯವಿರಲಿಲ್ಲ, ಮನೆಯವರೆಗೂ ಅವರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಕ್ಯಾಮೆರಾ ಮದುವೆ, ಗೃಹಪ್ರವೇಶಗಳಲ್ಲಿ ಚಿಕ್ಕಪ್ಪನ ಕೈಯಲ್ಲೇ ಸವೆಯಿತು.

ಈಗ ನನ್ನ ಸಂಬಳದಲ್ಲಿ ನಾನೇ ಕೊಂಡ ಕ್ಯಾಮೆರಾ ಇದೆ. ಮನೆಗೆ ಬಂದವರಿಗೆಲ್ಲ ಅಪ್ಪ ನನ್ನ ಫೋಟೋಗಳನ್ನು ತೋರಿಸಿ, "ಮೊದ್ಲು ಕ್ಯಾಮೆರಾ ಕೊಡ್ಸಿದ್ದು ನಾನೇ," ಎನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ತಲೆಯಾಡಿಸುತ್ತೇನೆ.