ಜಯಲಕ್ಷ್ಮಿಯ ಜಾಗ ಖಾಲಿ ಮಾಡಿದ ದಿನ

ಸತ್ತವರು ಬಂದು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ, ನಂಬುತ್ತೇನೆ ಎನ್ನಲೂ ಧೈರ್ಯವಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ.

ತೊಂಬತ್ತರ ದಶಕದ ಕೊನೆ. ಹುಣಸೂರಿನ ಒಂದು ಹೊಗೆಸೊಪ್ಪಿನ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಈಗಿನಂತೆ ಮೇಜಿಗೊಂದಲ್ಲ, ಎಸಿ ಕೋಣೆಯಲ್ಲಿ ಬೀರುವಿನಂಥ ಒಂದೇ ಯಂತ್ರ, ಆಫೀಸಿನ ಪರದೆಗಳೆಲ್ಲ ಅದಕ್ಕೇ ಜೋಡಣೆ. ಹರಾಜು ಶುರುವಾಗುವ ಹೊತ್ತಿಗೆ ಅದರ ಡಿಸ್ಕ್ ತುಂಬುತ್ತಾ ಬಂತು. ಪೂರ್ತಿ ತುಂಬಿದರೆ ಯಂತ್ರ ನಿಲ್ಲುತ್ತದೆ, ಖರೀದಿಯೂ ನಿಲ್ಲುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಿ ಕೂತೆ. ಯಾರೂ ಪ್ರಿಂಟ್ ತೆಗೆಯದೆ ಬಿಟ್ಟಿದ್ದ ಹಳೆಯ ವರದಿಗಳನ್ನು ಅಳಿಸಿದೆ. ಸಾಲಲಿಲ್ಲ. ಯಾರ ಹೆಸರಿನಲ್ಲಿ ಎಷ್ಟು ಜಾಗವಿದೆ ಎಂದು ನೋಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಲ್ಲರಿಗಿಂತ ಹೆಚ್ಚು ಜಯಲಕ್ಷ್ಮಿಯದು.

ಜಯಲಕ್ಷ್ಮಿ ಗಾವಡಗೆರೆ ಕಡೆಯ ರೈತರ ಮನೆಯ ಹುಡುಗಿ. ನನ್ನ ಪಕ್ಕದಲ್ಲೇ ಕೂತು ಕೆಲಸ ಕಲಿತಳು. ಊಟದ ಡಬ್ಬಿ ತೆರೆದರೆ, “ತಿನ್ನಿ ಸಾರ್, ನಮ್ಮವ್ವ ನಿಮ್ಗೂ ಸೇರ್ಸೇ ಆಕವ್ಳೆ” ಎನ್ನುತ್ತಿದ್ದಳು. ಹಿಂದಿನ ವರ್ಷ ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅವಳು ಕಲಿಯಲೆಂದು ಬರೆದ ಪ್ರೋಗ್ರಾಮ್‌ಗಳು, ಮಾಡಿಟ್ಟ ಪ್ರತಿಗಳು ಹಾಗೇ ಇದ್ದವು. ಅಳಿಸಲೇಬೇಕಿತ್ತು. ಕೈ ಬರಲಿಲ್ಲ.

ಆಗ ವಾಚ್‌ಮನ್ ಒಬ್ಬ ಹೆಂಗಸನ್ನು ಕರೆತಂದ. ಜಯಲಕ್ಷ್ಮಿಯ ತಾಯಿ. ಸೆರಗಿಗೆ ಹೊಲದ ಮಣ್ಣು ಮೆತ್ತಿಕೊಂಡಿತ್ತು.

“ನಮ್ ಜಯನ್ ಜಾಗ ಖಾಲಿ ಮಾಡ್ತಿದ್ದೀರಂತೆ, ದಿಟವಾ ಸ್ವಾಮಿ?”

“ಯಾರಮ್ಮ ಹೇಳಿದ್ದು?”

“ಅವ್ಳೇ ಕಣಪ್ಪ. ಒತ್ತಾರೆ ಕಳೆ ಕೀಳ್ತಿದ್ದೆ. ‘ಅವ್ವಾ, ನನ್ ಜಾಗ ಖಾಲಿ ಮಾಡ್ತಾವ್ರೆ, ಬಾ’ ಅಂದ್ಲು. ಅಂಗೇ ಬಸ್ ಅತ್ಬುಟ್ಟೆ.”

ಅವರು ಹೊಲ ಬಿಟ್ಟ ಹೊತ್ತಿಗೆ ನಾನಿನ್ನೂ ಅವಳ ಹೆಸರನ್ನೇ ನೋಡಿರಲಿಲ್ಲ. ಅವಳು ಕೂರುತ್ತಿದ್ದ ಕುರ್ಚಿ ತೋರಿಸಿದೆ. ಅವರು ಅಲ್ಲವೆಂದು ತಲೆಯಾಡಿಸಿ, ನೇರ ಯಂತ್ರದ ಹತ್ತಿರ ಹೋಗಿ ಅಂಗೈ ಇಟ್ಟರು.

“ಬೆಚ್ಚಗದೆ.”

ಅಳಿಸದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಹೇಗೋ ತಿಳಿಸಿದೆ. ನೀವು ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದೂ ಹೇಳಿದೆ. ಅವರು ಯಂತ್ರದ ಮೇಲಿಂದ ಅಂಗೈ ತೆಗೆಯಲಿಲ್ಲ.

“ಮಾಡ್ಬುಡಿ ಸ್ವಾಮಿ. ಆಸ್ಪತ್ರೇಲಿ ನಾ ಬರೋ ಒಳ್ಗೇ ಒಂಟೋಗಿದ್ಲು. ಈಗ್ಲಾದ್ರೂ ಪಕ್ದಾಗೆ ಇರ್ತೀನಿ.”

ಅಳಿಸುವ ಆದೇಶ ಕೊಟ್ಟೆ. ಹಳೆಯ ಯಂತ್ರ, ನಿಧಾನ. ಅವರು ಮಗುವಿಗೆ ತಟ್ಟುವಂತೆ ಅದನ್ನು ತಟ್ಟುತ್ತಾ ನಿಂತರು. ಪರದೆ ಅವರ ಬೆನ್ನ ಹಿಂದಿತ್ತು. ಇದ್ದಕ್ಕಿದ್ದಂತೆ ತಟ್ಟುವುದು ನಿಲ್ಲಿಸಿ, “ಒಂಟೋದ್ಲು” ಎಂದರು. ನಾನು ಪರದೆ ನೋಡಿದೆ. ಅಳಿಸಿ ಮುಗಿಯಿತೆಂಬ ಸಾಲು ಆಗಷ್ಟೇ ಮೂಡುತ್ತಿತ್ತು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ ಹತ್ತುವಾಗ ಅವರು ಕೇಳಿದರು: “ನಿಮ್ಗೇನೂ ಏಳ್ನಿಲ್ವಾ ಅವ್ಳು?”

ಇಲ್ಲ ಎಂದೆ.

ಅವರ ಮನೆಯಲ್ಲಿ ಫೋನ್ ಇರಲಿಲ್ಲ. ನಾನು ಅಲ್ಲಿ ಏನು ಮಾಡುತ್ತಿದ್ದೇನೆಂದು ವಾಚ್‌ಮನ್‌ಗೂ ಗೊತ್ತಿರಲಿಲ್ಲ. ಆ ತಾಯಿಗೆ ಯಾರು ಹೇಳಿದರು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದ ನನಗೆ ಯಾಕೆ ಏನೂ ಕೇಳಿಸಲಿಲ್ಲ ಎಂಬುದೂ.